ತಡವಾಗಿ ಬಂದ ಹೆಸರು

"ಆ ವೈರು ಹಿಡೀರಿ... ಬಿಡಬ್ಯಾಡ್ರಿ! ಬಿಟ್ರ ಸಿಗ್ನಲ್ ಹೋಗ್ತೈತಿ!"

ಮೇಜಿನ ಕೆಳಗಿನಿಂದ ಬಂದ ಧ್ವನಿ ಅದು. ಬಾಗಿಲಲ್ಲಿ ನಿಂತಿದ್ದ ತಬಸ್ಸುಮ್ ಬೆಚ್ಚಿಬಿದ್ದಳು. ಮೇಜಿನಡಿ ಎರಡು ಕಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಿಟಕಿಯ ಸರಳಿನಿಂದ ಆಂಟೆನಾದ ವೈರೊಂದು ಜಾರಿ ಬೀಳುವುದರಲ್ಲಿತ್ತು. ಓಡಿ ಹೋಗಿ ಹಿಡಿದಳು.

ಒಂದು ನಿಮಿಷ... ಐದು ನಿಮಿಷ... ಎತ್ತಿದ ಕೈ ಸೋತು ನಡುಗತೊಡಗಿತು.

"ಇನ್ನೂ ಎಷ್ಟೊತ್ತು ರೀ?"

ಹೆಣ್ಣುಮಗಳ ಧ್ವನಿ ಕೇಳಿದ್ದೇ ತಡ, ಮೇಜಿನಡಿಯ ತಲೆ ಧಡ್ಡನೆ ಹಲಗೆಗೆ ಬಡಿಯಿತು. ತಲೆ ಉಜ್ಜಿಕೊಳ್ಳುತ್ತಾ ಹೊರಬಂದವನ ಹಣೆಯ ತುಂಬ ಧೂಳು. ಕಣ್ಣಿನ ತುಂಬ ಗಾಬರಿ.

"ನೀವು... ನೀವು ಯಾರು? ನಾನು ಲೈನ್‌ಮ್ಯಾನ್ ಬಂದಾನ ಅಂದ್ಕೊಂಡೆ!"

"ಕೆಲಸ ಕೇಳಾಕ ಬಂದಾಕಿ. ಕೆಲಸ ಕೊಡೂದಕ್ಕಿಂತ ಮೊದ್ಲ ದುಡಿಸ್ಕೊಂಡ್ರಲ್ಲ!"

ಅವನು ನಕ್ಕುಬಿಟ್ಟ. ಆ ನಗು ನೋಡಿ ತಬಸ್ಸುಮಳ ಸಿಟ್ಟು ಎತ್ತ ಹೋಯಿತೋ ಅವಳಿಗೇ ತಿಳಿಯಲಿಲ್ಲ. ವೈರನ್ನು ಇನ್ನೂ ಹಿಡಿದೇ ಇದ್ದಳು!

ಅವನ ಹೆಸರು ಆಸಿಂ. ಕುರುಗೋಡಿನವನು. ಸಿರುಗುಪ್ಪದ ಹೊಳೆದಂಡೆ ರೈತರ ಸಂಘಕ್ಕೆ ಒಂದು ವ್ಯವಸ್ಥೆ ಕಟ್ಟಿಕೊಡಲು ಬಂದಿದ್ದ. ತುಂಗಭದ್ರೆಯ ದಂಡೆಗುಂಟ ಭತ್ತದ ಗದ್ದೆಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳ ಸಾಲು. ಮಳೆಗಾಲದಲ್ಲಿ ಮೋಟಾರು ಮೇಲೆಳೆಯಲೋ ಪೈಪು ಸರಿಸಲೋ ಹೊಳೆಗೆ ಇಳಿದವರಿಗೆ ಮೇಲಿನಿಂದ ನೀರು ಬರುವುದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಈ ವ್ಯವಸ್ಥೆ. ಹೊಳೆಗೆ ಇಳಿಯುವವರು ಸಂಘದ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಕಂಪ್ಯೂಟರು ಅವರ ಹೆಸರನ್ನೂ ವೇಳೆಯನ್ನೂ ಒಂದು ಪಟ್ಟಿಗೆ ಬರೆದುಕೊಳ್ಳುತ್ತದೆ. ನೀರು ಏರುವ ಸುದ್ದಿ ಬಂದ ಕೂಡಲೇ ಕಚೇರಿಯಲ್ಲಿದ್ದವರು ಒಂದು ಬಟನ್ ಒತ್ತಿದರೆ ಸಾಕು, ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನ್ ಹೋಗುತ್ತದೆ.

ಆ ಬಟನ್ ಒತ್ತುವ ಕೆಲಸ ಬಿಸಿಎ ಮುಗಿಸಿದ್ದ ತಬಸ್ಸುಮಳಿಗೆ ಸಿಕ್ಕಿತು.

ಆಸಿಂ ಅವಳಿಗೆ ತನ್ನ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಕಲಿಸಿದ. ಪೈಥಾನ್ ಭಾಷೆಯಲ್ಲಿ ಬರೆದದ್ದು.

"ನೋಡ್ರಿ, ಫೈಲು ತೆರೀ ಅನ್ನೂದು, ಹೆಸರು ಬರೀ ಅನ್ನೂದು, ಎರಡೂ ಒಂದ ಸಾಲಿನ್ಯಾಗ ಮುಗೀತು. ಎಷ್ಟು ಚೆಂದ ಅಲ್ಲ?"

ಅವಳು ಸಾಲನ್ನು ನೋಡುತ್ತಿರಲಿಲ್ಲ. ಹೇಳುವಾಗ ಹೊಳೆಯುವ ಅವನ ಕಣ್ಣುಗಳನ್ನು ನೋಡುತ್ತಿದ್ದಳು.

ಇದನ್ನು ಮೊದಲು ಕಂಡುಹಿಡಿದವನು ಅವಳ ಅಣ್ಣ ದಾದಾಪೀರ್. ಅಪ್ಪ ಇಲ್ಲದ ಮನೆಯನ್ನು ಎರಡೂವರೆ ಎಕರೆ ಭತ್ತದಲ್ಲಿ ಎತ್ತಿ ನಿಲ್ಲಿಸಿದವನು.

"ಲೇ ತಬ್ಬು, ಆ ಕುರುಗೋಡಿನ ಹುಡುಗ ನಿನ್ನೆ ಚಾದಾಗ ಉಪ್ಪು ಹಾಕ್ಕೊಂಡು ಕುಡದ ಅಂತಲ್ಲ! ಎತ್ಲಾಗ ನೋಡಾಕ ಹತ್ತಿದ್ದ?"

"ಅಣ್ಣಾ!"

"ನನಗೇನು? ಹುಡುಗ ಚಲೋ ಅದಾನ. ಅಮ್ಮಿ ಹತ್ರ ನಾ ಮಾತಾಡ್ತೀನಿ ತಗೋ."

ಆಗಸ್ಟ್ ಬಂತು. ಆಸಿಂನ ತಂಗಿ ಕೌಸರ್‌ಳ ಮದುವೆ ನಿಶ್ಚಯವಾಗಿತ್ತು. ಊರಿಗೆ ಹೊರಡುವ ಮುನ್ನ ಅವನು ಬಾಗಿಲ ಹತ್ತಿರ ನಿಂತು ಚೀಲದ ಪಟ್ಟಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದ.

"ತಬಸ್ಸುಮ್... ಮದುವಿ ಮುಗಿದ ಮ್ಯಾಲ ನಮ್ಮಮ್ಮನ್ನ ನಿಮ್ಮ ಮನಿಗೆ ಕಳಿಸ್ಲೇನು?"

ಅವಳು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. ಮತ್ತೆ ಸರಿಮಾಡಿಕೊಂಡಳು.

"ಕಳಸ್ರಿ."

ಅವನಿಲ್ಲದ ಐದು ದಿನ ಅವಳಿಗೆ ಕೈಕಾಲು ಆಡಲಿಲ್ಲ. ಕಚೇರಿಯ ಕಂಪ್ಯೂಟರು ಹಳೆಯದು, ತೆವಳುತ್ತಿತ್ತು. ಪಟ್ಟಿ ಉದ್ದವಾದರೆ ಫೋನ್ ಹೋಗಲು ತಡವಾಗುತ್ತದೆಂದು ಆಸಿಂ ಚಿಂತೆ ಮಾಡುತ್ತಿದ್ದ. ಅವನು ಬರುವಷ್ಟರಲ್ಲಿ ಏನಾದರೂ ಮಾಡಬೇಕು ಎಂದುಕೊಂಡು ಹುಡುಕಿದಳು. ಪೈಥಾನ್ ಭಾಷೆ ಒಂದೇ ಆದರೂ ಅದನ್ನು ಓಡಿಸುವ ಎಂಜಿನ್ನುಗಳು ಬೇರೆ ಬೇರೆ ಇವೆ, ಬೇರೆ ಬೇರೆ ಜನ ಕಟ್ಟಿದ್ದಾರೆ ಎಂದು ಓದಿದಳು. ಅದರಲ್ಲೊಂದು ಬಲು ವೇಗದ್ದು. ಅದೇ ಪ್ರೋಗ್ರಾಂ, ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ!

ಹಾಕಿದಳು. ಓಡಿಸಿದಳು. ನಿಜಕ್ಕೂ ಎರಡು ಪಟ್ಟು ವೇಗ! ಮಧ್ಯಾಹ್ನದ ತನಕ ಬಂದ ಹೆಸರುಗಳೆಲ್ಲ ಪಟ್ಟಿಯಲ್ಲಿದ್ದವು.

ಫೋನಿನಲ್ಲಿ ಅವನಿಗೆ ಹೇಳಿದಳು.

"ನೀ ಬಾ, ನಿನ್ನ ಪ್ರೋಗ್ರಾಂ ಹೆಂಗ ಓಡ್ತೈತಿ ನೋಡುವಂತಿ!"

"ಏನ್ ಮಾಡಿದಿ?"

"ಬಂದ ಮ್ಯಾಲ ಹೇಳ್ತೀನಿ!"

ಮರುದಿನ ಸಂಜೆ ಆಸಿಂ ಬರುವವನಿದ್ದ. ಅದೇ ದಿನ ಮಧ್ಯಾಹ್ನ ನಾಲ್ಕು ಹತ್ತಕ್ಕೆ ಹೊಳೆಯ ಮೇಲ್ಭಾಗದಿಂದ ಸಂಘದ ಮನುಷ್ಯನ ಫೋನು ಬಂತು.

"ನೀರು ಏರಾಕ ಹತ್ತೈತವ್ವಾ! ಭಾಳ ಜೋರು ಐತಿ. ಎಲ್ಲಾರ್ನೂ ಮ್ಯಾಲ ಕರಸ್ರಿ!"

ತಬಸ್ಸುಮ್ ಫೋನಿಟ್ಟಳು. ಬಟನ್ ಒತ್ತಿದಳು. ಪಟ್ಟಿ ತೆರೆದು ನೋಡಿದಳು. ಹನ್ನೊಂದು ಹೆಸರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಓದಿದಳು. ಅಣ್ಣನ ಹೆಸರು ಇರಲಿಲ್ಲ.

*ಅಣ್ಣ ಹೊಳಿಗೆ ಹೋಗಿಲ್ಲ... ಅಲ್‌ಹಮ್ದುಲಿಲ್ಲಾ!*

ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದಳು. ನೀರಿನ ಲೋಟ ಎತ್ತಿ ಕುಡಿದಳು.

ಆ ನಿಟ್ಟುಸಿರಿಗಾಗಿ ಅವಳು ಮುಂದೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಹನ್ನೊಂದು ಜನರೂ ಮೇಲೆ ಬಂದರು. ದಾದಾಪೀರ್ ಬರಲಿಲ್ಲ. ದೂರದ ತಿರುವಿನಲ್ಲಿ ಒಬ್ಬನೇ ಮೋಟಾರು ಬಿಚ್ಚುತ್ತಿದ್ದನಂತೆ. ಅವನ ಚಪ್ಪಲಿಗಳು ದಂಡೆಯ ಮೇಲೆ ಜೋಡಿಯಾಗಿ ಇದ್ದವು. ಎರಡು ದಿನದ ಮೇಲೆ ಹೊಳೆ ಅವನನ್ನು ಕೊಟ್ಟಿತು. ಅವನ ಫೋನನ್ನು ಕೊಡಲಿಲ್ಲ.

ದಫನ್ ಮುಗಿದ ಮರುದಿನ ತಬಸ್ಸುಮ್ ಕಚೇರಿಗೆ ಬಂದಳು. ಯಾಕೆ ಬಂದಳೋ... ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೇ. ಕಂಪ್ಯೂಟರಿನಲ್ಲಿ ಆ ದಿನದ ಪಟ್ಟಿ ತೆರೆದಳು.

ಹನ್ನೆರಡು ಹೆಸರು.

ಕೊನೆಯದು ದಾದಾಪೀರ್. ವೇಳೆ ಮೂರು ನಲವತ್ತು.

ಕಣ್ಣುಜ್ಜಿಕೊಂಡು ನೋಡಿದಳು. ಹೆಸರು ಅಲ್ಲೇ ಇತ್ತು. ಅವನು ಬದುಕಿದ್ದಾಗ ಇಲ್ಲದ ಹೆಸರು, ಸತ್ತ ಮೇಲೆ ಬಂದು ಕುಳಿತಿತ್ತು!

ಹಿಂದೆ ಹೆಜ್ಜೆ ಸಪ್ಪಳ. ಆಸಿಂ ನಿಂತಿದ್ದ. ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದವು.

"ಈ ಹೆಸರು ಯಾರು ಬರದ್ರು?"

"ಮಿಷಿನ್ ಬರದೈತಿ, ತಬಸ್ಸುಮ್. ಅವತ್ತು ಸಂಜಿ ನಾನು ಬಂದು ಪ್ರೋಗ್ರಾಂ ಬಂದ್ ಮಾಡಿ ಮತ್ತ ಚಾಲೂ ಮಾಡ್ದೆ. ಆಮ್ಯಾಲ ನೋಡಿದ್ರ ಹೆಸರು ಇತ್ತು."

"ಸುಳ್ಳು! ನಾಕು ಹತ್ತಕ್ಕ ನಾನು ಈ ಕಣ್ಣಿಲೆ ನೋಡೀನಿ. ಎರಡು ಸಲ ಓದೀನಿ. ಇರ್ಲಿಲ್ಲ!"

"ನನಗೂ ತಿಳೀವಲ್ದು... ಆದ್ರ ನಾನು ಬರದಿಲ್ಲ. ಅಲ್ಲಾನ ಆಣಿ..."

"ಆಣಿ ಮಾಡಬ್ಯಾಡ!" ಅವಳ ಧ್ವನಿ ಚೀರಿತು. "ನಿನ್ನ ಪ್ರೋಗ್ರಾಂ ತಪ್ಪಿಲ್ಲ, ಹೆಸರು ಇತ್ತು, ಬಟನ್ ಒತ್ತಿದಾಕಿನ ನೋಡ್ಲಿಲ್ಲ... ಹಂಗ ಅನ್ನಿಸಾಕ ಅಲ್ಲೇನು? ನನ್ನ ಅಣ್ಣನ ಹೆಸರು, ಆಸಿಂ! ಗೋರಿ ಮಣ್ಣು ಆರೋದ್ರಾಗ ಅವನ ಹೆಸರು ತಂದು ನಿನ್ನ ತಪ್ಪು ಮುಚ್ಚಿದಿಯಲ್ಲ!"

ಅವನು ತಲೆ ತಗ್ಗಿಸಿದ. ಅದೇ ಒಪ್ಪಿಗೆಯಂತೆ ಕಂಡಿತು ಅವಳಿಗೆ.

ಸಂಘದ ಸಭೆಯಲ್ಲೂ ಅವಳು ಅದನ್ನೇ ಹೇಳಿದಳು. ಮಿಸ್ಡ್ ಕಾಲಿನ ಗುರುತು ಆ ಪಟ್ಟಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ಅಧ್ಯಕ್ಷ ಉಚ್ಚೆಂಗೆಪ್ಪನವರು ಎಲ್ಲ ಕೇಳಿ ತೀರ್ಮಾನ ಕೊಟ್ಟರು. ದಾದಾಪೀರ್ ಮಿಸ್ಡ್ ಕಾಲ್ ಕೊಡದೆಯೇ ಹೊಳೆಗೆ ಇಳಿದಿದ್ದಾನೆ. ಹೆಸರು ಆಮೇಲೆ ಸೇರಿಸಿದ್ದು. ಆಸಿಂ ಇನ್ನು ಸಿರುಗುಪ್ಪಕ್ಕೆ ಬರುವುದು ಬೇಡ.

ಅವನು ಹೋದ. ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ವ್ಯವಸ್ಥೆ ಅಲ್ಲಿಗೇ ನಿಂತಿತು. ಕಂಪ್ಯೂಟರು ಸಂಘದ ಕಪಾಟು ಸೇರಿತು.

ಮೂರು ವರ್ಷ ಕಳೆಯಿತು.

ತಬಸ್ಸುಮ್ ಈಗ ಬಳ್ಳಾರಿಯಲ್ಲಿದ್ದಳು. ಕೌಲ್ ಬಜಾರಿನಲ್ಲಿ ಉಮಾಪತಿ ಎಂಬುವರ ಜೀನ್ಸ್ ಹೊಲಿಯುವ ಘಟಕದಲ್ಲಿ ಬಂಡಲ್ಲುಗಳ ಲೆಕ್ಕ ನೋಡಿಕೊಳ್ಳುವ ಕೆಲಸ. ಹೊಲಿಗೆ ಯಂತ್ರಗಳ ಸದ್ದು ಅವಳಿಗೆ ಬೇಕಾಗಿತ್ತು. ಸದ್ದು ನಿಂತರೆ ಪಟ್ಟಿ ಕಣ್ಣ ಮುಂದೆ ಬರುತ್ತಿತ್ತು. ಹನ್ನೊಂದು ಹೆಸರು... ಹನ್ನೆರಡು ಹೆಸರು... ಮತ್ತೆ ಹನ್ನೊಂದು. ದಿನವೂ ಮಧ್ಯಾಹ್ನ ಮೂರು ನಲವತ್ತಕ್ಕೆ ಅವಳ ಕೈ ತಾನಾಗಿಯೇ ನಿಲ್ಲುತ್ತಿತ್ತು. ಎಲ್ಲಾದರೂ ಯಾರದಾದರೂ ಫೋನು ಒಂದೇ ಸಲ ರಿಂಗಾಗಿ ನಿಂತರೆ ಮೈ ಜುಮ್ಮೆನ್ನುತ್ತಿತ್ತು.

ತಿಂಗಳಿಗೊಮ್ಮೆ ಸಿರುಗುಪ್ಪಕ್ಕೆ ಹೋದಾಗ ಅಮ್ಮಿ ಕುಬ್ರಾಬಿ ರೊಟ್ಟಿ ತಟ್ಟುತ್ತಾ ಒಮ್ಮೆಲೇ ಕೈ ನಿಲ್ಲಿಸುತ್ತಿದ್ದರು.

"ಇಳಿಯೂಕ ಮೊದ್ಲ ಮಿಸ್ ಕಾಲ್ ಕೊಡಪ್ಪ ಅಂತ ಅವತ್ತು ಮುಂಜಾನೆನೂ ಹೇಳಿದ್ದೆ. ಹ್ಞೂಂ ಅಮ್ಮಿ ಅಂದಿದ್ದ." ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮಾತಿಗೆ ಕಿಮ್ಮತ್ತ ಇರ್ಲಿಲ್ಲೇನು ಅವನಿಗೆ?"

ತಬಸ್ಸುಮ್ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಅಂದು ಬೆಳಿಗ್ಗೆ ಘಟಕಕ್ಕೆ ಹೊಸ ಕಂಪ್ಯೂಟರು ಬಂದಿತ್ತು. ಬಂಡಲ್ಲಿನ ಚೀಟಿಯನ್ನು ಸ್ಕ್ಯಾನ್ ಮಾಡಿದರೆ ನಂಬರು ಪಟ್ಟಿಗೆ ಹೋಗುವ ಪುಟ್ಟ ಪ್ರೋಗ್ರಾಂ ತಬಸ್ಸುಮಳದ್ದೇ. ಹಳೆಯ ಕಂಪ್ಯೂಟರಿನಲ್ಲಿ ವರ್ಷದಿಂದ ಓಡುತ್ತಿತ್ತು. ಅದನ್ನೇ ಹೊಸದಕ್ಕೂ ಹಾಕಿದಳು.

ಅರ್ಧ ತಾಸಿಗೆ ಸ್ಕ್ಯಾನ್ ಮಾಡುವ ಹೇಮಾ ಕೂಗಿದಳು.

"ಅಕ್ಕಾ, ಇಲ್ಲಿ ನಂಬರು ಬರವಲ್ದು ನೋಡು! ಇಪ್ಪತ್ತಾರು ಬಂಡಲ್ ಹೊಡದೀನಿ, ಪಟ್ಟ್ಯಾಗ ಒಂದೂ ಇಲ್ಲ. ಹಳೇದ್ರಾಗ ಹೊಡದ್ರ ಹೊಡದಂಗ ಬರ್ತೈತಿ."

ತಬಸ್ಸುಮ್ ಬಂದು ನೋಡಿದಳು. ಪಟ್ಟಿ ಖಾಲಿ. ಸಾಲುಗಳನ್ನು ಓದಿದಳು, ತಪ್ಪು ಕಾಣಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡೋಣ ಎಂದು ಪ್ರೋಗ್ರಾಂ ನಿಲ್ಲಿಸಿದಳು. ಪಟ್ಟಿ ತೆರೆದಳು.

ಇಪ್ಪತ್ತಾರೂ ನಂಬರು ಸಾಲಾಗಿ ಕುಳಿತಿದ್ದವು. ಎಲ್ಲಕ್ಕೂ ಹಳೆಯ ವೇಳೆ.

"ಯವ್ವಾ!" ಹೇಮಾ ಹಿಂದೆ ಸರಿದಳು. "ಇದ್ರಾಗ ದೆವ್ವ ಐತೇನಕ್ಕಾ?"

ತಬಸ್ಸುಮ್ ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಕುಳಿತಳು.

ಹೊಸ ಕಂಪ್ಯೂಟರಿನಲ್ಲಿ ಅಂಗಡಿಯವರು ಹಾಕಿಕೊಟ್ಟ ಪೈಥಾನ್ ಯಾವುದು ಎಂದು ನೋಡಿದಳು. ವೇಗದ್ದು. ಅಂದು ಸಿರುಗುಪ್ಪದಲ್ಲಿ ತಾನೇ ಹಾಕಿದ್ದಂಥದ್ದು.

ಎರಡು ತಾಸು ಓದಿದಳು. ಮಾತು ಸರಳವಾಗಿತ್ತು. ಫೈಲು ತೆರೆದು ಬರೆದವರು ಅದನ್ನು ಮುಚ್ಚಬೇಕು. ಮುಚ್ಚಲು ಮರೆತರೆ, ಎಲ್ಲರೂ ಬಳಸುವ ಸಾಮಾನ್ಯ ಪೈಥಾನ್ ಆ ಕ್ಷಣವೇ ತಾನೇ ಮುಚ್ಚಿಬಿಡುತ್ತದೆ, ಬರೆದದ್ದು ಪಟ್ಟಿಗೆ ಸೇರುತ್ತದೆ. ವೇಗದ್ದು ಹಾಗಲ್ಲ. ಬರೆದದ್ದನ್ನು ಕಂಪ್ಯೂಟರಿನ ನೆನಪಿನಲ್ಲೇ ಇಟ್ಟುಕೊಂಡು, ಯಾವಾಗಲೋ ಆ ನೆನಪಿನ ಕಸ ಗುಡಿಸುವಾಗ, ಇಲ್ಲವೇ ಪ್ರೋಗ್ರಾಂ ನಿಂತಾಗ ಪಟ್ಟಿಗೆ ಹಾಕುತ್ತದೆ. ಭಾಷೆಯ ನಿಯಮದ ಪ್ರಕಾರ ಎರಡೂ ಸರಿ.

ಆಸಿಂ ಕಲಿಸಿದ ಆ ಚೆಂದದ ಸಾಲಿನಲ್ಲಿ ಮುಚ್ಚುವ ಮಾತು ಇರಲಿಲ್ಲ. ಅದನ್ನೇ ಕಲಿತ ಅವಳ ಪ್ರೋಗ್ರಾಮಿನಲ್ಲೂ ಇರಲಿಲ್ಲ.

ಹಾಗಾದರೆ ಮೂರು ನಲವತ್ತಕ್ಕೆ ಅಣ್ಣ ಫೋನ್ ಹಚ್ಚಿದ್ದ. ನಾಲ್ಕು ಹತ್ತಕ್ಕೆ ತಾನು ಪಟ್ಟಿ ನೋಡುವಾಗ ಅವನ ಹೆಸರು ಅದೇ ಕಂಪ್ಯೂಟರಿನೊಳಗೆ, ತನ್ನ ಕೈಯಳತೆಯಲ್ಲೇ ಇತ್ತು. ಮೊದಲು ಬಂದ ಹನ್ನೊಂದು ಹೆಸರು ಅದಾಗಲೇ ಪಟ್ಟಿಗೆ ಬಿದ್ದಿದ್ದವು, ಕೊನೆಗೆ ಬಂದ ಅವನದು ಇನ್ನೂ ಹೊರಗೆ ಬಂದಿರಲಿಲ್ಲ, ಅಷ್ಟೇ. ಆಸಿಂ ಬರೆದಿರಲಿಲ್ಲ. ಆಸಿಂ ಸುಳ್ಳು ಹೇಳಿರಲಿಲ್ಲ...

*ಯಾ ಅಲ್ಲಾ... ಅದನ್ನ ಹಾಕಿದಾಕಿ ನಾನು!*

ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಅವಳ ಅಳು ಯಾರಿಗೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕುರುಗೋಡಿನ ಬಸ್ಸು ಹತ್ತಿದಳು. ದಾರಿ ನಡುವಿನ ಕೊಳಗಲ್ಲು ಊರು ದಾಟುವವರೆಗೂ ಇಳಿದು ವಾಪಸ್ಸು ಹೋಗಿಬಿಡಲೇ ಎಂಬ ಯೋಚನೆ. *ಏನಂತ ಮುಖ ತೋರಿಸ್ಲಿ?* ದಾಟಿದ ಮೇಲೆ ಆ ಯೋಚನೆಯೂ ಸತ್ತುಹೋಯಿತು.

ಬಸ್ ಸ್ಟ್ಯಾಂಡಿನ ಎದುರು ಅರ್ಜಿ ತುಂಬುವ, ಜೆರಾಕ್ಸ್ ತೆಗೆಯುವ ಪುಟ್ಟ ಅಂಗಡಿ. ಒಳಗೆ ಆಸಿಂ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ಓದಿ ಹೇಳುತ್ತಿದ್ದ. ಕಿವಿಯ ಮೇಲೆ ನಾಲ್ಕಾರು ಬಿಳಿ ಕೂದಲು. ಮೂವತ್ತೂ ಆಗಿಲ್ಲ ಅವನಿಗೆ!

ತಲೆ ಎತ್ತಿದ. ಅವನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಅಜ್ಜಿಯ ಅರ್ಜಿ ಮುಗಿಸಿ ಅವಳನ್ನು ಕಳಿಸಿದ.

"ನೀ ಬರದಿಲ್ಲ," ಅಂದಳು ತಬಸ್ಸುಮ್. ಇಡೀ ದಾರಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅಷ್ಟೇ ಹೊರಬಂತು. "ಅಣ್ಣನ ಹೆಸರು... ನೀ ಬರದಿಲ್ಲ. ಅದು ಒಳಗ ಇತ್ತು. ನಾನು ಬ್ಯಾರೆ ಪೈಥಾನ್ ಹಾಕಿದ್ದೆ ಆಸಿಂ. ನೀ ಊರಿಗೆ ಹೋದಾಗ. ನಿನಗ ಹೇಳದಂಗ..."

"ಕೂಡು."

"ನನಗ ಕೂಡಾಕ ಹೇಳಬ್ಯಾಡ! ಬೈಯಿ ನನ್ನ!"

ಅವನು ಕುರ್ಚಿ ಎಳೆದು ಅವಳ ಮುಂದೆ ಇಟ್ಟ. ಮೆಲ್ಲಗೆ ಹೇಳಿದ.

"ನನಗ ಗೊತ್ತೈತಿ, ತಬಸ್ಸುಮ್."

ಅವಳಿಗೆ ಅರ್ಥವಾಗಲಿಲ್ಲ. "ಏನು ಗೊತ್ತೈತಿ?"

"ಸಿರುಗುಪ್ಪ ಬಿಟ್ಟು ಬಂದು ಐದಾರು ತಿಂಗಳಾಗಿತ್ತು. ಅದ ಪ್ರೋಗ್ರಾಂ ನಮ್ಮ ಮನ್ಯಾಗ ಸಾವಿರ ಸಲ ಓಡಿಸೀನಿ. ಸಾವಿರ ಸಲಾನೂ ಹೆಸರು ಬಂತು. ಹುಚ್ಚು ಹಿಡಿಯೋದೊಂದು ಬಾಕಿ. ಆಮ್ಯಾಲ ಒಂದಿನ ನಿನ್ನ ಮಾತು ನೆನಪಾತು. ನಿನ್ನ ಪ್ರೋಗ್ರಾಂ ಹೆಂಗ ಓಡ್ತೈತಿ ನೋಡುವಂತಿ ಅಂದಿದ್ದಿ... ಜೋರು ಓಡೋ ಪೈಥಾನ್ ತಂದು ಹಾಕಿ ನೋಡ್ದೆ. ಹೆಸರು ಬರಲಿಲ್ಲ."

"ಎರಡೂವರಿ ವರ್ಷದಿಂದ ಗೊತ್ತಿತ್ತು?!"

"ಹ್ಞೂಂ."

"ಮತ್ತ ಯಾಕ ಹೇಳ್ಲಿಲ್ಲ? ಸುಳ್ಳ ಅನ್ನಿಸ್ಕೊಂಡು, ಊರು ಬಿಡಿಸ್ಕೊಂಡು..."

"ಒಂದ್ ಸಲ ಹೇಳಾಕಂತ ಸಿರುಗುಪ್ಪಕ್ಕ ಬಂದಿದ್ದೆ. ನೀ ಅಣ್ಣನ ಅಂಗಿ ಒಗದು ಹಗ್ಗದ ಮ್ಯಾಲ ಹಾಕಾಕ ಹತ್ತಿದ್ದಿ. ಯಾರೂ ಹಾಕ್ಕೊಳ್ಳಾಕ ಇಲ್ಲದ ಅಂಗಿ." ಅವನ ಧ್ವನಿ ಒಡೆಯಿತು. "ನನ್ನ ಮ್ಯಾಲಿನ ಸಿಟ್ಟಿನಿಂದಾದ್ರೂ ನೀ ನಿಂತಿದ್ದಿ. ಅದನ್ನೂ ಕಸಕೊಂಡು, ನಿನ್ನ ಕೈಯಿಂದ ಆತು ಅಂತ ಹೆಂಗ ಹೇಳ್ಲಿ? ಹೊಳ್ಳಿ ಬಂದೆ. ಮತ್ತ ಆ ಸಾಲು ಬರದಾಂವ ನಾನು. ಫೈಲು ಮುಚ್ಚೂದು ಮರತಾಂವ ನಾನು."

ಕರಗಬೇಕಾಗಿದ್ದ ತಬಸ್ಸುಮಳ ಮನಸ್ಸು ಕುದಿಯತೊಡಗಿತ್ತು.

"ನೀ ದೊಡ್ಡಾಂವ ಆದಿ ಅಂತ ತಿಳ್ಕೊಂಡಿ ಅಲ್ಲ? ನಮ್ಮಮ್ಮಿ ಅಲ್ಲಿ ದಿನಾ ಸಾಯಾಕ ಹತ್ಯಾಳ ಆಸಿಂ! ಮಗ ನನ್ನ ಮಾತು ಕೇಳ್ಲಿಲ್ಲ, ಕಾಲ್ ಕೊಡ್ಲಿಲ್ಲ ಅಂತ ಮೂರು ವರ್ಷದಿಂದ ರೊಟ್ಟಿ ತಟ್ಟೂದು ಬಿಟ್ಟು ಕೂಡ್ತಾಳ. ಅಣ್ಣ ಕಾಲ್ ಕೊಟ್ಟಿದ್ದ! ಅದು ನಿನಗ ಗೊತ್ತಿತ್ತು!"

ಆಸಿಂನ ಮುಖ ಬಿಳಿಚಿಕೊಂಡಿತು. ಇದೊಂದನ್ನು ಅವನು ಯೋಚಿಸಿರಲೇ ಇಲ್ಲ. ಅವಳನ್ನು ಉಳಿಸುವುದೊಂದೇ ಅವನ ಕಣ್ಣಿಗೆ ಕಂಡಿತ್ತು.

"ತಬಸ್ಸುಮ್... ನಾನು..."

"ನನ್ನ ತಪ್ಪು ನಾ ಹೊರ್ತೀನಿ. ಅದನ್ನ ನನ್ನಿಂದ ಮುಚ್ಚಿಡಾಕ ನೀ ಯಾರು?" ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಏಳು. ಅಂಗಡಿ ಬಂದ್ ಮಾಡು. ಅಮ್ಮಿ ಮುಂದ ಹೇಳಬೇಕು. ಇಬ್ಬರೂ ಹೇಳಬೇಕು."

ಆಸಿಂ ಎದ್ದು ಶಟರ್ ಎಳೆದ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸಿರುಗುಪ್ಪದಲ್ಲಿದ್ದರು. ಮನೆಯ ಮುಂದೆ ಆಸಿಂನನ್ನು ಕಂಡ ಕುಬ್ರಾಬಿ ಬಾಗಿಲು ಮುಚ್ಚಲು ಹೋದರು. ತಬಸ್ಸುಮ್ ಅಮ್ಮಿಯ ಕೈ ಹಿಡಿದಳು.

"ಒಂದ್ ಸಲ ಸಂಘದ ಕಚೇರಿಗೆ ಬಾ ಅಮ್ಮಿ. ಆಮ್ಯಾಲ ನೀ ಏನಂದ್ರೂ ಕೇಳ್ತೀನಿ."

ಉಚ್ಚೆಂಗೆಪ್ಪನವರು ಗೊಣಗುತ್ತಲೇ ಕಪಾಟಿನ ಬೀಗ ತೆಗೆದರು. ಹಳೆಯ ಕಂಪ್ಯೂಟರಿನ ಮೇಲೆ ಬೆರಳು ದಪ್ಪ ಧೂಳು. ಆಸಿಂ ಒರೆಸಿ, ತಂದಿದ್ದ ಸಿಮ್ ಹಾಕಿ, ವೈರು ಜೋಡಿಸಿದ. ಅದು ನರಳುತ್ತಾ ಎಚ್ಚರಗೊಂಡಿತು. ಪ್ರೋಗ್ರಾಂ ಹಾಗೇ ಇತ್ತು. ತಬಸ್ಸುಮ್ ಹಾಕಿದ ಪೈಥಾನೂ ಹಾಗೇ ಇತ್ತು. ಆಸಿಂ ಅಮ್ಮಿಯ ನಂಬರಿನ ಮುಂದೆ ಅವರ ಹೆಸರು ಸೇರಿಸಿದ.

"ಅಮ್ಮಿ, ಈ ನಂಬರಿಗೆ ನಿನ್ನ ಫೋನಿಂದ ಒಂದು ಮಿಸ್ಡ್ ಕಾಲ್ ಕೊಡು."

ಕುಬ್ರಾಬಿ ಒಂದೊಂದೇ ಅಂಕಿ ಒತ್ತಿದರು. ಫೋನ್ ಹಚ್ಚಿದರು. ಒಂದು ರಿಂಗ್. ಕಟ್.

ತಬಸ್ಸುಮ್ ಪಟ್ಟಿ ತೆರೆದಳು. "ಓದ್ರಿ ಕಾಕಾ, ಯಾರ ಹೆಸರು ಐತಿ?"

ಉಚ್ಚೆಂಗೆಪ್ಪ ಕನ್ನಡಕ ಏರಿಸಿ ಬಗ್ಗಿದರು. "ಯಾರ್ದೂ ಇಲ್ಲಲ್ಲವ್ವ. ಖಾಲಿ ಐತಿ."

"ನಾನು ಕೊಟ್ಟೀನಿ! ನಿಮ್ಮ ಮುಂದನ ಕೊಟ್ಟೀನಲ್ಲ!" ಕುಬ್ರಾಬಿ ಫೋನನ್ನು ಎತ್ತಿ ತೋರಿಸಿದರು. "ನೋಡ್ರಿ, ನಾ ಸುಳ್ಳು ಹೇಳ್ತೀನೇನು?"

"ಇಲ್ಲ ಅಮ್ಮಿ. ನೀ ಸುಳ್ಳು ಹೇಳ್ತಿಲ್ಲ."

ಹತ್ತು ನಿಮಿಷ ಕಾದರು. ಐದೈದು ನಿಮಿಷಕ್ಕೆ ಪಟ್ಟಿ ತೆರೆದರೂ ಖಾಲಿಯೇ. ಆಮೇಲೆ ತಬಸ್ಸುಮ್ ಪ್ರೋಗ್ರಾಂ ನಿಲ್ಲಿಸಿದಳು. ಪಟ್ಟಿ ತೆರೆದಳು.

ಕುಬ್ರಾಬಿ. ವೇಳೆ ಎರಡು ಇಪ್ಪತ್ತೆಂಟು.

ಉಚ್ಚೆಂಗೆಪ್ಪ ಗಡಿಯಾರ ನೋಡಿದರು. ಎರಡು ನಲವತ್ತು ದಾಟಿತ್ತು. ಅವರ ಬಾಯಿ ಅರ್ಧ ತೆರೆದೇ ಉಳಿಯಿತು.

ತಬಸ್ಸುಮ್ ಅಮ್ಮಿಯ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದಳು. ತಾನು ಹಾಕಿದ್ದು. ತಾನು ನೋಡಿದ್ದು. ನೋಡಿ ನಿಟ್ಟುಸಿರು ಬಿಟ್ಟದ್ದು, ನೀರು ಕುಡಿದದ್ದು... ಯಾವುದನ್ನೂ ಬಿಡಲಿಲ್ಲ. ಆಸಿಂ ತಾನು ಮರೆತ ಸಾಲನ್ನು ಹೇಳಿದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದ.

ಕುಬ್ರಾಬಿ ಪರದೆಯ ಮೇಲಿನ ತಮ್ಮ ಹೆಸರನ್ನೇ ನೋಡುತ್ತಿದ್ದರು.

"ಹಂಗಾರ ನನ್ನ ಮಗ... ಕಾಲ್ ಕೊಟ್ಟಿದ್ದ?"

"ಕೊಟ್ಟಿದ್ದ ಅಮ್ಮಿ. ಇಳಿಯೂಕ ಮೊದ್ಲ. ಮೂರು ನಲವತ್ತಕ್ಕ."

"ನನ್ನ ಮಾತು ಕೇಳಿದ್ದ."

"ಕೇಳಿದ್ದ ಅಮ್ಮಿ."

ಮೂರು ವರ್ಷ ಆ ತಾಯಿ ಅತ್ತಿರಲಿಲ್ಲ. ಇಂದು ಅತ್ತರು. ಕಪಾಟಿನ ಬಾಗಿಲಿಗೆ ತಲೆ ಆನಿಸಿ, ಮಗನ ಹೆಸರು ಹಿಡಿದು ಕರೆಯುತ್ತಾ ಅತ್ತರು. ತಬಸ್ಸುಮ್ ಹತ್ತಿರ ಹೋಗಲು ಹೆದರಿ ನಿಂತಲ್ಲೇ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕುಬ್ರಾಬಿ ಹಿಂದಕ್ಕೆ ಕೈ ಚಾಚಿದರು. ನೋಡದೆಯೇ ಮಗಳ ಮುಂಗೈ ಹುಡುಕಿ ಹಿಡಿದರು.

ಕ್ಷಮಿಸಿದೆ ಎಂದು ಅನ್ನಲಿಲ್ಲ. ಕೈಯನ್ನು ಮಾತ್ರ ಬಿಡಲಿಲ್ಲ.

ಉಚ್ಚೆಂಗೆಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಆಸಿಂನ ಹತ್ತಿರ ಬಂದರು.

"ತಪ್ಪಾತು ತಮ್ಮಾ. ಸಭೆ ಕರದು ಎಲ್ಲಾರ ಮುಂದ ಹೇಳ್ತೀನಿ." ಒಂದು ಕ್ಷಣ ತಡೆದು, "ಇದನ್ನ ರಿಪೇರಿ ಮಾಡಾಕ ಬರ್ತೈತೇನು? ಹೊಳಿಗೆ ಇಳಿಯೂದು ಜನ ಇನ್ನೂ ಬಿಟ್ಟಿಲ್ಲಪ್ಪ."

ಆಸಿಂ ತಬಸ್ಸುಮಳ ಕಡೆ ನೋಡಿದ. "ಮಾಡ್ತೀನ್ರಿ. ಆದ್ರ ಒಬ್ಬಾಂವನ ಮಾಡಂಗಿಲ್ಲ."

ಸಂಜೆ ಅಮ್ಮಿ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಮೂರು ಜನರಿಗೆ ಸಾಲುವಷ್ಟು ಹಿಟ್ಟು ಕಲಸಿದ್ದನ್ನು ತಬಸ್ಸುಮ್ ಗಮನಿಸಿದ್ದಳು. ಆಸಿಂ ಕಟ್ಟೆಯ ತುದಿಯಲ್ಲಿ ಕುಳಿತಿದ್ದ. ಅವಳು ಬಂದು ಇನ್ನೊಂದು ತುದಿಯಲ್ಲಿ ಕುಳಿತಳು.

"ಇನ್ನೂ ಸಿಟ್ಟು ಐತೇನು?" ಎಂದು ಕೇಳಿದ.

"ಐತಿ. ಭಾಳ ಐತಿ."

"ಎಷ್ಟು ದಿನ ಇರ್ತೈತಿ?"

"ಗೊತ್ತಿಲ್ಲ. ರಾತ್ರಿ ನಿದ್ದಿ ಇನ್ನ ಮ್ಯಾಲಾದ್ರೂ ಬರ್ತೈತೋ ಇಲ್ಲೋ, ಅದೂ ಗೊತ್ತಿಲ್ಲ. ಅಣ್ಣ ನನ್ನ ಬಿಟ್ಟು ಹೋಗಂಗಿಲ್ಲ ಆಸಿಂ. ಅವ ಹಿಂಗ ಇರ್ತಾನ, ನನ್ನ ಕೂಡ."

"ಇರ್ಲಿ," ಅಂದ ಅವನು. "ಅವನ್ನ ಬಿಟ್ಟು ಬಾ ಅಂತ ನಾ ಯಾವತ್ತೂ ಅನ್ನಂಗಿಲ್ಲ."

ಅವಳು ನಿಧಾನವಾಗಿ ಸರಿದು ಅವನ ಪಕ್ಕಕ್ಕೆ ಬಂದು ಕುಳಿತಳು.

"ಒಂದ್ ಮಾತು ಕೊಡು. ನನಗ ನೋವಾಗ್ತೈತಿ ಅಂದ್ರೂ ಸೈತ, ಏನೂ ಮುಚ್ಚಿಡಬ್ಯಾಡ."

"ಮುಚ್ಚಿಡಂಗಿಲ್ಲ."

"ಹಂಗಾರ ಈಗ ಒಂದು ಹೇಳು."

ಅವನು ತಡವರಿಸಿದ. "ನನಗ... ಕೈಕಾಲು ನಡಗಾಕ ಹತ್ಯಾವ."

"ಯಾಕ?!"

"ನಿಮ್ಮಮ್ಮಿ ಈಗ ಒಳಗ ಕರದು ನಮ್ಮಮ್ಮನ ನಂಬರು ಕೇಳಿ ಬರಕೊಂಡ್ರು. ಏನಂತಾರೋ ಏನೋ..."

ತಬಸ್ಸುಮ್ ಅಳುತ್ತಲೇ ನಕ್ಕುಬಿಟ್ಟಳು. ಅವನ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಅನ್ನಲಿ ಬಿಡು. ನಾ ಅದೀನಲ್ಲ."